ಗೊರಕೆಯ ಬಗ್ಗೆಯೂ ಒಂದು ಪ್ರಶ್ನೆ ಕೇಳಿ: ಆರೋಗ್ಯ ಮತ್ತು ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ಹಾಗೂ ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ಮೂವತ್ತು ವರ್ಷ ದಾಟಿದವರ ರಕ್ತದೊತ್ತಡ ಮತ್ತು ಮಧುಮೇಹವನ್ನು ಮನೆಬಾಗಿಲಿನಲ್ಲೇ ತಪಾಸಣೆ ಮಾಡುವ ಕೆಲಸ ರಾಜ್ಯದಲ್ಲಿ ನಡೆಯುತ್ತಿರುವುದು ಸಂತೋಷದ ಸಂಗತಿ. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ತುಂಬಿಸಿಕೊಳ್ಳುವ ನಮೂನೆಯಲ್ಲಿ ವಯಸ್ಸು, ತಂಬಾಕು, ಮದ್ಯಪಾನ, ದೈಹಿಕ ಚಟುವಟಿಕೆ, ಮನೆತನದಲ್ಲಿ ಯಾರಿಗಾದರೂ ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇದೆಯೇ ಎಂಬ ಪ್ರಶ್ನೆಗಳಿವೆ. ಟೇಪು ಹಿಡಿದು ಸೊಂಟದ ಸುತ್ತಳತೆಯನ್ನೂ ಅಳೆದು ಬರೆದುಕೊಳ್ಳುತ್ತಾರೆ. ಇಷ್ಟೆಲ್ಲ ಕೇಳುವ ಆ ನಮೂನೆಯಲ್ಲಿ, ರಾತ್ರಿ ಮಲಗಿದ ಮೇಲೆ ಆ ವ್ಯಕ್ತಿ ಹೇಗೆ ಉಸಿರಾಡುತ್ತಾರೆ ಎಂದು ಕೇಳುವ ಒಂದು ಸಾಲೂ ಇಲ್ಲ. ಬಸ್ಸು, ಲಾರಿ ಓಡಿಸುವವರ ಪರವಾನಗಿಗೆ ವೈದ್ಯರು ಸಹಿ ಮಾಡಿಕೊಡುವ ಪ್ರಮಾಣಪತ್ರದಲ್ಲಿಯೂ ಇಲ್ಲ. ಈ ಎರಡು ಕಡೆ ಆ ಪ್ರಶ್ನೆಯನ್ನು ಸೇರಿಸಬೇಕೆಂದು, ಸೇರಿಸಿದ ಮೇಲೆ ಸಿಗುವ ಉತ್ತರಕ್ಕೆ ತಕ್ಕ ಪರೀಕ್ಷೆ ಮತ್ತು ಚಿಕಿತ್ಸೆಯ ವ್ಯವಸ್ಥೆ ಮಾಡಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಗೊರಕೆಯನ್ನು ನಾವು ಕಾಯಿಲೆಯ ಲೆಕ್ಕಕ್ಕೆ ಹಿಡಿದವರೇ ಅಲ್ಲ. ಗೊರಕೆ ಹೊಡೆಯುವವರು ಗಾಢವಾಗಿ, ಹಾಯಾಗಿ ನಿದ್ರಿಸುತ್ತಿದ್ದಾರೆ ಎಂದೇ ನಮ್ಮ ನಂಬಿಕೆ. ಮದುವೆ ಛತ್ರದ ಹಾಲಿನಲ್ಲಿ ಜಮಖಾನೆ ಹಾಸಿಕೊಂಡು ನೆಂಟರೆಲ್ಲ ಸಾಲಾಗಿ ಮಲಗಿದ ರಾತ್ರಿ ಯಾರ ಗೊರಕೆ ಜೋರಾಗಿತ್ತು ಎಂಬುದು ಬೆಳಗಿನ ಕಾಫಿಯ ಹೊತ್ತಿಗೆ ನಗೆಯ ಮಾತಾಗುತ್ತದೆ, ಕುಂಭಕರ್ಣನ ಹೆಸರು ತಪ್ಪದೇ ಬರುತ್ತದೆ. ಗೊರಕೆ ಹೊಡೆಯುವ ಎಲ್ಲರೂ ರೋಗಿಗಳೆಂದು ನಾನು ಹೇಳುತ್ತಿಲ್ಲ. ಬಹಳಷ್ಟು ಜನರಲ್ಲಿ ಅದು ಬರೀ ಸದ್ದಷ್ಟೇ. ಆದರೆ ಆ ನಗುವವರ ನಡುವೆ ಕೆಲವರು ರಾತ್ರಿಯಿಡೀ ಉಸಿರಿಗಾಗಿ ಹೆಣಗಾಡಿ ಎದ್ದು ಬಂದು ಕುಳಿತಿರುತ್ತಾರೆ, ಮತ್ತು ಅದು ಅವರಿಗೇ ಗೊತ್ತಿರುವುದಿಲ್ಲ.

ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಉಸಿರಿನ ದಾರಿಯನ್ನು ತೆರೆದು ಹಿಡಿದಿರುತ್ತವೆ. ನಿದ್ರೆ ಹತ್ತಿದ ಮೇಲೆ ಅವು ಸಡಿಲವಾಗುತ್ತವೆ. ನಾಲಿಗೆಯ ಬುಡ ಮತ್ತು ಮೃದು ಅಂಗುಳ ಹಿಂದಕ್ಕೆ ಜಾರುತ್ತವೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಅಲ್ಲಿನ ಮೆತ್ತನೆಯ ಭಾಗಗಳು ಅದುರುವ ಸದ್ದೇ ಗೊರಕೆ. ತೆಳ್ಳನೆಯ ಸ್ಟ್ರಾ ಹಾಕಿ ಗಟ್ಟಿಯಾಗಿ ಹೀರಿದಾಗ ಅದರ ಗೋಡೆಗಳು ಒಳಕ್ಕೆ ಅಂಟಿಕೊಳ್ಳುವಂತೆ ಕೆಲವರಲ್ಲಿ ಈ ದಾರಿ ಪೂರ್ತಿ ಮುಚ್ಚಿಕೊಂಡುಬಿಡುತ್ತದೆ. ಆಗ ಗೊರಕೆ ನಿಲ್ಲುತ್ತದೆ. ಪಕ್ಕದಲ್ಲಿದ್ದವರಿಗೆ ‘ಸದ್ಯ, ನಿಂತಿತಲ್ಲ’ ಎನ್ನಿಸುವ ಆ ಗಳಿಗೆಯೇ ಗಮನಿಸಬೇಕಾದ ಗಳಿಗೆ. ಎದೆ ಮತ್ತು ಹೊಟ್ಟೆ ಏಳುತ್ತ ಬೀಳುತ್ತ ಪ್ರಯತ್ನಪಡುತ್ತಿದ್ದರೂ ಮೂಗು ಬಾಯಿಗಳಿಂದ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಿಂದ ಅರೆಗಳಿಗೆ ಎಚ್ಚರಗೊಂಡು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ, ದೊಡ್ಡದೊಂದು ಏದುಸಿರಿನೊಂದಿಗೆ ದಾರಿ ತೆರೆಯುತ್ತದೆ, ನಾಡಿ ಮತ್ತು ರಕ್ತದೊತ್ತಡ ಒಮ್ಮೆಲೇ ಮೇಲೇರುತ್ತವೆ. ಮಲಗಿದವರು ಮಗ್ಗುಲು ಬದಲಿಸಿ ಮತ್ತೆ ಗೊರಕೆ ಆರಂಭಿಸುತ್ತಾರೆ. ಉಸಿರು ಕನಿಷ್ಠ ಹತ್ತು ಸೆಕೆಂಡು ನಿಂತರೆ ವೈದ್ಯರು ಅದನ್ನು ಒಂದು ಸಲವೆಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲದೆ ತೀರ ಕಡಿಮೆಯಾದ ಸಂದರ್ಭಗಳನ್ನೂ ಅದಕ್ಕೆ ಕೂಡಿಸುತ್ತಾರೆ. ಗಂಟೆಗೆ ಐದರಿಂದ ಹದಿನೈದರವರೆಗೆ ಇದ್ದರೆ ಸೌಮ್ಯ, ಮೂವತ್ತರವರೆಗೆ ಮಧ್ಯಮ, ಮೂವತ್ತು ದಾಟಿದರೆ ತೀವ್ರ. ತೀವ್ರ ಎಂದರೆ ಸರಾಸರಿ ಎರಡು ನಿಮಿಷಕ್ಕೊಮ್ಮೆಯಾದರೂ ಹೀಗಾಗುತ್ತಿದೆ ಎಂದರ್ಥ. ಸ್ಲೀಪ್ ಅಪ್ನಿಯಾ ಎಂದು ಕರೆಯುವುದು ಇದನ್ನೇ.

ಆರೋಗ್ಯವಂತರ ರಕ್ತದೊತ್ತಡ ರಾತ್ರಿ ಸಹಜವಾಗಿ ಇಳಿಯಬೇಕು. ಇವರಲ್ಲಿ ಅನೇಕರಿಗೆ ಅದು ಇಳಿಯುವುದಿಲ್ಲ. ಆಮ್ಲಜನಕ ತಗ್ಗಿದಾಗಲೆಲ್ಲ ಏರುತ್ತ, ವರ್ಷಗಟ್ಟಲೆ ಹೀಗೇ ನಡೆದು, ಕೊನೆಗೆ ಹಗಲಿನಲ್ಲಿಯೂ ಏರಿಯೇ ನಿಲ್ಲುತ್ತದೆ. ಅಧಿಕ ರಕ್ತದೊತ್ತಡಕ್ಕೆ ಗುರುತಿಸಬಹುದಾದ ಕಾರಣಗಳ ಪಟ್ಟಿಯಲ್ಲಿ ಅಮೆರಿಕದ ರಾಷ್ಟ್ರೀಯ ಸಮಿತಿಯು 2003ರಷ್ಟು ಹಿಂದೆಯೇ ಸ್ಲೀಪ್ ಅಪ್ನಿಯಾವನ್ನು ಸೇರಿಸಿತ್ತು. ಹೃದಯದ ಬಡಿತ ತಾಳ ತಪ್ಪುವುದು, ಪಾರ್ಶ್ವವಾಯು, ಮಧುಮೇಹ, ಖಿನ್ನತೆ ಇವೆಲ್ಲದರ ಜೊತೆಗೂ ಇದರ ನಂಟು ಕಂಡುಬಂದಿದೆ. ಬೆಳಿಗ್ಗೆ ತಲೆನೋವಿನೊಂದಿಗೆ ಏಳುವುದು, ಬಾಯಿ ಒಣಗಿರುವುದು, ರಾತ್ರಿ ಪದೇಪದೇ ಮೂತ್ರಕ್ಕೆ ಎದ್ದು ಹೋಗುವುದು, ಎಂಟು ಗಂಟೆ ಮಲಗಿದರೂ ಮಧ್ಯಾಹ್ನ ತೂಕಡಿಸುವುದು ಇದರ ಲಕ್ಷಣಗಳು. ಮೂತ್ರಕ್ಕೆ ಏಳುವುದನ್ನು ಸಕ್ಕರೆ ಕಾಯಿಲೆಗೋ ಪ್ರಾಸ್ಟೇಟ್‌ಗೋ, ತೂಕಡಿಕೆಯನ್ನು ವಯಸ್ಸಿಗೋ ಸೋಮಾರಿತನಕ್ಕೋ ಕಟ್ಟಿ ಸುಮ್ಮನಾಗುವುದು ನಮ್ಮಲ್ಲಿ ನಡೆದುಬಂದಿದೆ.

ಇದು ಎಲ್ಲೋ ಅಪರೂಪಕ್ಕೆ ಕಾಣುವ ಕಾಯಿಲೆಯಲ್ಲ. 2019ರಲ್ಲಿ ಲ್ಯಾನ್ಸೆಟ್ ಸಮೂಹದ ಶ್ವಾಸಕೋಶ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 69 ವರ್ಷದೊಳಗಿನ ಸುಮಾರು 93 ಕೋಟಿ ಜನರಿಗೆ ಇದು ಯಾವುದಾದರೊಂದು ಪ್ರಮಾಣದಲ್ಲಿದೆ. ದೆಹಲಿಯ ಏಮ್ಸ್ ವೈದ್ಯರು ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಭಾರತದಲ್ಲಿ ದುಡಿಯುವ ವಯಸ್ಸಿನ ಹತ್ತು ಕೋಟಿಗೂ ಹೆಚ್ಚು ಜನರ ಹೆಸರು ಇದರಡಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ತಂದ ರೋಗಗಳ ಹೊಸ ವರ್ಗೀಕರಣದಲ್ಲಿ ನಿದ್ರೆಯ ಕಾಯಿಲೆಗಳಿಗೆಂದೇ ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟಿದೆ. ಅದೇ ವರ್ಷ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ಅವರು ಮುಂಬೈಯಲ್ಲಿ ತೀರಿಕೊಂಡಾಗ ಅವರ ವೈದ್ಯರು ಇದೇ ಕಾಯಿಲೆಯನ್ನು ಕಾರಣವೆಂದು ಹೇಳಿದ್ದರು. ನಾಲ್ಕು ದಿನ ಟಿ.ವಿ.ಗಳಲ್ಲಿ ಚರ್ಚೆ ನಡೆಯಿತು, ಆಮೇಲೆ ಎಲ್ಲರೂ ಮರೆತರು.

ನಮ್ಮ ಮನೆಯ ಸಂಗತಿಯನ್ನು ಇಲ್ಲಿ ಹೇಳುವುದು ಅನುಕಂಪಕ್ಕಾಗಿ ಅಲ್ಲ, ಒಂದು ಪ್ರಶ್ನೆಯಿಂದ ಏನಾಗುತ್ತದೆ ಎಂಬುದನ್ನು ತಿಳಿಸಲು. ನಮ್ಮ ಮನೆಯವರಿಗೆ ಬಹಳ ವರ್ಷಗಳಿಂದ ಬಿ.ಪಿ. ಇತ್ತು. ಮಾತ್ರೆ ಒಂದಿದ್ದದ್ದು ಎರಡಾಗಿ, ಎರಡಿದ್ದದ್ದು ಮೂರಾದರೂ ಹತೋಟಿಗೆ ಬರಲಿಲ್ಲ. ಉಪ್ಪು ಕಡಿಮೆ ಮಾಡಿದೆವು, ಉಪ್ಪಿನಕಾಯಿ ಜಾಡಿಯನ್ನೇ ಮೇಲಿನ ಅಟ್ಟಕ್ಕೆ ಏರಿಸಿದೆವು, ಅವರು ಬೆಳಗಿನ ವಾಯುವಿಹಾರವನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ತೋರಿಸಿದ ವೈದ್ಯರೆಲ್ಲ ಒಳ್ಳೆಯವರೇ, ಆದರೆ ಅವರ್ಯಾರೂ ನಿದ್ರೆಯ ವಿಚಾರ ಎತ್ತಲಿಲ್ಲ. ಕೊನೆಗೆ ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ಹೋದಾಗ, ಹಿಂದಿನ ದಿನ ವಾರ್ಡಿಗೆ ಬಂದ ಅರಿವಳಿಕೆ ತಜ್ಞೆ ಎಲ್ಲ ಕಾಗದಗಳನ್ನು ನೋಡಿ ಮುಗಿಸಿ, ಅವರನ್ನು ಬಿಟ್ಟು ನನ್ನ ಕಡೆ ತಿರುಗಿ, ‘ಅಮ್ಮಾ, ಇವರು ಗೊರಕೆ ಹೊಡೀತಾರಾ? ನಡುವೆ ಉಸಿರು ನಿಂತ ಹಾಗೆ ಆಗುತ್ತಾ?’ ಎಂದು ಕೇಳಿದರು. ಕತ್ತಿನ ಸುತ್ತಳತೆಯನ್ನು ಅಳೆದು ಬರೆದುಕೊಂಡರು. ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಿ ನಿದ್ರೆಯ ಪರೀಕ್ಷೆ ಮಾಡಿಸಿದರು. ಗಂಟೆಗೆ ನಲವತ್ತಕ್ಕಿಂತ ಹೆಚ್ಚು ಸಲ ಉಸಿರಿಗೆ ತಡೆಯಾಗುತ್ತಿದೆ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಕೆಲವೊಮ್ಮೆ ಶೇಕಡ ಎಪ್ಪತ್ತರ ಆಸುಪಾಸಿಗೆ ಇಳಿಯುತ್ತಿದೆ ಎಂದು ವರದಿ ಬಂತು.

ಆ ತಜ್ಞೆ ಕೇಳಿದ ಪ್ರಶ್ನೆಗಳು ಹೊಸವಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಕೆನಡಾದ ಟೊರೊಂಟೊದಲ್ಲಿ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚಂಗ್ ಮತ್ತು ಅವರ ಸಂಗಡಿಗರು 2008ರಲ್ಲಿ, ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಈ ಕಾಯಿಲೆಯ ಶಂಕೆ ಇರುವವರನ್ನು ಗುರುತಿಸಲೆಂದು ರೂಪಿಸಿದ ಎಂಟು ಪ್ರಶ್ನೆಗಳ ಪಟ್ಟಿಯದು. ಜೋರಾದ ಗೊರಕೆ, ಹಗಲಿನ ಆಯಾಸ, ಉಸಿರು ನಿಂತದ್ದನ್ನು ಬೇರೆಯವರು ಕಂಡದ್ದು, ಬಿ.ಪಿ., ತೂಕ, ಐವತ್ತು ದಾಟಿದ ವಯಸ್ಸು, 40 ಸೆಂಟಿಮೀಟರ್ ಮೀರಿದ ಕತ್ತು, ಗಂಡಸೇ ಎಂಬುದು, ಇಷ್ಟೇ ಅದರಲ್ಲಿರುವುದು. ರಕ್ತ ತೆಗೆಯಬೇಕಿಲ್ಲ, ಯಂತ್ರ ಬೇಕಿಲ್ಲ, ಎರಡು ನಿಮಿಷ ಸಾಕು. ಸೊಂಟ ಅಳೆಯಲು ಆಶಾ ಕಾರ್ಯಕರ್ತೆ ತರುವ ಟೇಪಿನಲ್ಲೇ ಕತ್ತನ್ನೂ ಅಳೆಯಬಹುದು. ಇದು ರೋಗವನ್ನು ಖಚಿತಪಡಿಸುವುದಿಲ್ಲ, ಯಾರನ್ನು ಪರೀಕ್ಷೆಗೆ ಕಳಿಸಬೇಕೆಂಬುದನ್ನು ಮಾತ್ರ ಹೇಳುತ್ತದೆ. ತಪಾಸಣೆಯ ಮೊದಲ ಹಂತಕ್ಕೆ ಬೇಕಾಗಿರುವುದೂ ಅಷ್ಟೇ. ಮುಖ್ಯವಾಗಿ, ಈ ಪ್ರಶ್ನೆಯನ್ನು ಮನೆಯಲ್ಲಿ, ಪಕ್ಕದಲ್ಲಿ ಮಲಗುವವರಿಗೆ ಕೇಳಬೇಕು. ಆಸ್ಪತ್ರೆಗೆ ಒಬ್ಬರೇ ಬರುವ ರೋಗಿ ‘ನನಗೆ ಅಂಥದ್ದೇನೂ ಇಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಮನೆಬಾಗಿಲಿಗೆ ಹೋಗುವ ನಿಮ್ಮ ಕಾರ್ಯಕ್ರಮಕ್ಕಿಂತ ಇದಕ್ಕೆ ಸೂಕ್ತವಾದ ಜಾಗ ನನಗೆ ತೋಚುತ್ತಿಲ್ಲ.

ದಪ್ಪ ಇರುವ ಗಂಡಸರ ಕಾಯಿಲೆ ಎಂದು ಇದನ್ನು ತಳ್ಳಿಹಾಕಬಾರದು. ತೂಕ ದೊಡ್ಡ ಕಾರಣ ನಿಜ, ಆದರೆ ದವಡೆ ಚಿಕ್ಕದಿರುವ, ಹಿಂದಕ್ಕೆ ಸರಿದಿರುವ ತೆಳ್ಳನೆಯವರಲ್ಲಿಯೂ ಇದು ಬರುತ್ತದೆ. ಏಷ್ಯಾದ ಜನರಲ್ಲಿ ಕಡಿಮೆ ತೂಕಕ್ಕೇ ಕಾಣಿಸಿಕೊಳ್ಳುವುದು ಹೆಚ್ಚು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದರ ಪ್ರಮಾಣ ಏರುತ್ತದೆ. ಆದರೆ ತಾನು ಗೊರಕೆ ಹೊಡೆಯುತ್ತೇನೆಂದು ಹೇಳಿಕೊಳ್ಳಲು ಹೆಂಗಸರಿಗೆ ಸಂಕೋಚ. ‘ನಿದ್ದೆ ಸರಿಯಾಗಿ ಬರಲ್ಲ, ಮೈಯೆಲ್ಲ ಸುಸ್ತು’ ಎಂದಷ್ಟೇ ಹೇಳಿ, ರಕ್ತಹೀನತೆಯ ಮಾತ್ರೆಯನ್ನೋ ನಿದ್ರೆಯ ಮಾತ್ರೆಯನ್ನೋ ಹಿಡಿದು ಮನೆಗೆ ಬರುತ್ತಾರೆ. ಕೆಲವು ಬಗೆಯ ನಿದ್ರೆಯ ಮಾತ್ರೆಗಳು ಮತ್ತು ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆಯಾದ್ದರಿಂದ ಈ ಕಾಯಿಲೆ ಇರುವವರಿಗೆ ಅವು ಅಪಾಯಕಾರಿ.

ಮಕ್ಕಳ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ನನ್ನ ವೃತ್ತಿಜೀವನವೆಲ್ಲ ಅವರ ನಡುವೆಯೇ ಕಳೆದಿದೆ. ಮಕ್ಕಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಗಂಟಲಿನ ಟಾನ್ಸಿಲ್ ಮತ್ತು ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿಗಳು ಊದಿಕೊಂಡು ದಾರಿಯನ್ನು ಕಿರಿದಾಗಿಸುವುದು. ಇಂಥ ಮಗು ಬಾಯಿ ತೆರೆದು ಮಲಗುತ್ತದೆ, ಕತ್ತನ್ನು ಹಿಂದಕ್ಕೆ ಚಾಚಿಕೊಂಡು ವಿಚಿತ್ರ ಭಂಗಿಯಲ್ಲಿ ನಿದ್ರಿಸುತ್ತದೆ, ಬೆವರುತ್ತದೆ, ದೊಡ್ಡದಾದ ಮೇಲೂ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ. ದೊಡ್ಡವರು ನಿದ್ರೆಗೆಟ್ಟರೆ ತೂಕಡಿಸುತ್ತಾರೆ. ಮಕ್ಕಳು ಅನೇಕ ವೇಳೆ ಅದಕ್ಕೆ ತದ್ವಿರುದ್ಧವಾಗಿ ಕುಳಿತಲ್ಲಿ ಕೂರದೆ ಚಡಪಡಿಸುತ್ತಾರೆ, ಸಿಟ್ಟಾಗುತ್ತಾರೆ, ಪಾಠದ ಮೇಲೆ ಗಮನವಿಡಲಾರರು. ತರಗತಿಯಲ್ಲಿ ಅಂಥ ಮಗುವಿಗೆ ತುಂಟ, ದಡ್ಡ ಎಂಬ ಹೆಸರು ಬೀಳುತ್ತದೆ, ಹಾಸಿಗೆ ಒದ್ದೆ ಮಾಡಿದ್ದಕ್ಕೆ ಮನೆಯಲ್ಲಿ ಬೈಗುಳ ಬೀಳುತ್ತದೆ. ಆ ಮಗುವಿನ ತಪ್ಪು ಎಲ್ಲಿಯೂ ಇಲ್ಲ. ಗ್ರಂಥಿಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಇವರಲ್ಲಿ ಹೆಚ್ಚಿನವರ ತೊಂದರೆ ಪರಿಹಾರವಾಗುತ್ತದೆ ಅಥವಾ ಬಹಳಷ್ಟು ತಗ್ಗುತ್ತದೆ. ಶಾಲೆ ಮತ್ತು ಅಂಗನವಾಡಿಗಳಲ್ಲಿ ಮಕ್ಕಳ ಹಲ್ಲು, ಕಣ್ಣು, ತೂಕ ನೋಡಲು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಬರುತ್ತವೆ. ‘ಮಗು ರಾತ್ರಿ ಗೊರಕೆ ಹೊಡೆಯುತ್ತದೆಯೇ, ಬಾಯಿಯಲ್ಲಿ ಉಸಿರಾಡುತ್ತದೆಯೇ’ ಎಂದು ತಾಯಿಯನ್ನು ಕೇಳಿ ಬರೆದುಕೊಳ್ಳಲು ಆ ತಂಡಗಳಿಗೆ ಒಂದು ಸೂಚನೆ ಕೊಟ್ಟರೆ ಸಾಕು.

ಮಾನ್ಯ ಸಾರಿಗೆ ಸಚಿವರೇ, ಇನ್ನು ತಮ್ಮ ಇಲಾಖೆಯ ವಿಚಾರ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸಾರಿಗೆ ಸಚಿವಾಲಯವೇ ಪ್ರಕಟಿಸಿದೆ. ಅತಿವೇಗ, ಕುಡಿತ, ಎದುರು ದಿಕ್ಕಿನ ಚಾಲನೆ, ಸಿಗ್ನಲ್ ಉಲ್ಲಂಘನೆ, ಮೊಬೈಲ್ ಎಂದು ಅಪಘಾತಗಳನ್ನು ಕಾರಣವಾರು ವಿಂಗಡಿಸುವ ಆ ಕೋಷ್ಟಕದಲ್ಲಿ ತೂಕಡಿಕೆಗೆ ಪ್ರತ್ಯೇಕ ಕಾಲಮ್ಮಿಲ್ಲ; ಅದು ‘ಇತರೆ’ಯಲ್ಲೋ ಅತಿವೇಗದಲ್ಲೋ ಕರಗಿಹೋಗುತ್ತದೆ. ನಸುಕಿನ ಮೂರು ನಾಲ್ಕು ಗಂಟೆಗೆ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಬಸ್ಸು ಗುದ್ದಿದ ಸುದ್ದಿಯನ್ನು ಓದುವಾಗಲೆಲ್ಲ, ಆ ಚಾಲಕನ ನಿದ್ರೆಯನ್ನು ಯಾರಾದರೂ ಎಂದಾದರೂ ಪರೀಕ್ಷಿಸಿದ್ದರೇ ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತದೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲಿಯೇ ದಿನಕ್ಕೆ ಎಂಟು ಗಂಟೆಯ ಮಿತಿಯನ್ನು ಹಾಕಿತ್ತು. ಆ ಮಿತಿಯನ್ನು ಪಾಲಿಸಿ, ಮನೆಗೆ ಹೋಗಿ ಎಂಟು ಗಂಟೆ ಮಲಗಿ ಬಂದ ಚಾಲಕರಿಗೂ ಸ್ಲೀಪ್ ಅಪ್ನಿಯಾ ಇದ್ದರೆ ಅವರ ಮೆದುಳಿಗೆ ಸಿಕ್ಕಿರುವುದು ಚೂರುಚೂರಾದ ನಿದ್ರೆ. ವಿಶ್ರಾಂತಿಯ ನಿಯಮವೊಂದರಿಂದಲೇ ಇದು ಸರಿಹೋಗುವುದಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಡಿ ವೈದ್ಯರು ಕೊಡುವ ನಮೂನೆ 1ಎ ಪ್ರಮಾಣಪತ್ರವು ದೃಷ್ಟಿ, ಬಣ್ಣಗಳ ಗುರುತಿಸುವಿಕೆ, ಇರುಳುಗಣ್ಣು, ಕಿವುಡು, ಕೈಕಾಲುಗಳ ಊನ ಇವುಗಳನ್ನು ವಿಚಾರಿಸುತ್ತದೆ. ಐರೋಪ್ಯ ಒಕ್ಕೂಟವು 2014ರ ನಿರ್ದೇಶನದ ಮೂಲಕ ಸ್ಲೀಪ್ ಅಪ್ನಿಯಾವನ್ನು ಚಾಲನಾ ಪರವಾನಗಿಯ ವೈದ್ಯಕೀಯ ನಿಯಮಗಳೊಳಗೆ ತಂದಿತು. ಅಮೆರಿಕದಲ್ಲಿ 2013ರ ಡಿಸೆಂಬರ್ 1ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ ಪ್ರಯಾಣಿಕರ ರೈಲು ತಿರುವಿನಲ್ಲಿ ಹಳಿ ತಪ್ಪಿ ನಾಲ್ವರು ಸತ್ತರು. ಅದರ ಚಾಲಕನಿಗೆ ತೀವ್ರವಾದ ಸ್ಲೀಪ್ ಅಪ್ನಿಯಾ ಇದ್ದು, ಅದು ಅಲ್ಲಿಯವರೆಗೂ ಪತ್ತೆಯಾಗಿರಲಿಲ್ಲವೆಂದು ತನಿಖೆಯಲ್ಲಿ ಗೊತ್ತಾಯಿತು. ಕೇಂದ್ರದ ನಮೂನೆಯನ್ನು ಬದಲಿಸುವುದು ರಾಜ್ಯದ ಕೈಯಲ್ಲಿಲ್ಲ ಎಂಬುದನ್ನು ಬಲ್ಲೆ. ಆದರೆ ಕೇಂದ್ರಕ್ಕೆ ಶಿಫಾರಸು ಮಾಡುವುದಕ್ಕೂ, ನಮ್ಮ ನಾಲ್ಕು ಸಾರಿಗೆ ನಿಗಮಗಳ ಚಾಲಕರ ಆರೋಗ್ಯ ತಪಾಸಣೆಯಲ್ಲಿ ಎಂಟು ಪ್ರಶ್ನೆಗಳನ್ನು ಸೇರಿಸುವುದಕ್ಕೂ ಅದು ಅಡ್ಡಿಯಲ್ಲ.

ಇದರಲ್ಲಿ ಒಂದು ಎಚ್ಚರ ಅಗತ್ಯ, ಮತ್ತು ಪತ್ರದಲ್ಲಿ ಬೇರೆಲ್ಲಕ್ಕಿಂತ ಇದನ್ನೇ ನಾನು ಒತ್ತಿ ಹೇಳುತ್ತೇನೆ. ಕಾಯಿಲೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಭಯ ಒಮ್ಮೆ ಹುಟ್ಟಿತೆಂದರೆ ಯಾವ ಚಾಲಕರೂ ನಿಜ ಹೇಳುವುದಿಲ್ಲ, ಅವರ ಹೆಂಡತಿಯರೂ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ತೂಕಡಿಕೆಯೊಂದಿಗೆ ಈ ಕಾಯಿಲೆ ಇರುವವರು ವಾಹನ ಓಡಿಸುವುದನ್ನು ನಿಲ್ಲಿಸಬೇಕು, ಆದರೆ ಚಿಕಿತ್ಸೆಯಿಂದ ಅದು ಹತೋಟಿಗೆ ಬಂದ ಮೇಲೆ ಲಾರಿ, ಬಸ್ಸು ಚಾಲಕರೂ ಮತ್ತೆ ಸ್ಟೀರಿಂಗ್ ಹಿಡಿಯಬಹುದು. ನಮ್ಮಲ್ಲಿಯೂ ಪರೀಕ್ಷೆಯ ಅವಧಿಗೆ ಪೂರ್ಣ ಸಂಬಳ, ಚಿಕಿತ್ಸೆ ಹೊಂದಿಕೊಳ್ಳುವವರೆಗೆ ಡಿಪೋದಲ್ಲಿ ಬೇರೆ ಕೆಲಸ, ಆಮೇಲೆ ಅದೇ ಹುದ್ದೆ ಎಂಬ ಲಿಖಿತ ಭರವಸೆಯನ್ನು ಮೊದಲು ಕೊಟ್ಟು, ಪ್ರಶ್ನೆಯನ್ನು ಆಮೇಲೆ ಕೇಳಬೇಕು.

ಚಿಕಿತ್ಸೆ ಇದೆ ಎಂಬುದೇ ಇಲ್ಲಿನ ಸಮಾಧಾನ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದ ಸಿಪ್ಯಾಪ್ ವಿಧಾನವೇ ಇಂದಿಗೂ ಮುಖ್ಯ ಆಧಾರ: ಪುಟ್ಟ ಯಂತ್ರವೊಂದು ಮೂಗಿನ ಮಾಸ್ಕಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಊದಿ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಸೌಮ್ಯ ಮತ್ತು ಮಧ್ಯಮ ಪ್ರಮಾಣದವರಲ್ಲಿ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನ, ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು ಕೂಡ ಉಪಯೋಗಕ್ಕೆ ಬರುತ್ತವೆ. ಸಿಪ್ಯಾಪ್‌ನಿಂದ ಹೃದಯಾಘಾತಗಳೆಲ್ಲ ತಪ್ಪುತ್ತವೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಈಗಾಗಲೇ ಹೃದ್ರೋಗವೋ ಪಾರ್ಶ್ವವಾಯುವೋ ಆಗಿದ್ದವರಲ್ಲಿ ನಡೆದ, 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅಂಥ ಲಾಭ ಸಾಬೀತಾಗಲಿಲ್ಲ. ಅದರಲ್ಲಿ ಭಾಗವಹಿಸಿದವರು ಯಂತ್ರವನ್ನು ರಾತ್ರಿಗೆ ಸರಾಸರಿ ಮೂರೂಕಾಲು ಗಂಟೆಯಷ್ಟೇ ಬಳಸಿದ್ದರೆಂಬುದನ್ನೂ ಸೇರಿಸಿ ಹೇಳಬೇಕು. ಹಗಲಿನ ತೂಕಡಿಕೆ ತಗ್ಗುವುದು, ಮನಸ್ಸು ಹಗುರವಾಗುವುದು, ರಕ್ತದೊತ್ತಡ ಅಷ್ಟಿಷ್ಟು ಇಳಿಯುವುದು ಮಾತ್ರ ಬಹಳಷ್ಟು ಜನರಲ್ಲಿ ಕಂಡುಬಂದಿದೆ. ನಮ್ಮ ಮನೆಯವರ ಮೂರು ಮಾತ್ರೆಗಳಲ್ಲಿ ಒಂದನ್ನು ವೈದ್ಯರು ನಿಲ್ಲಿಸಿದರು. ಸಂಜೆ ಪತ್ರಿಕೆ ಹಿಡಿದಲ್ಲೇ ತೂಕಡಿಸುತ್ತಿದ್ದವರು ಈಗ ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುತ್ತ ಒಂಬತ್ತರವರೆಗೆ ಕೂರುತ್ತಾರೆ.

ಆದರೆ ಆ ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ. ಕೆಲವು ತಿಂಗಳಿಗೊಮ್ಮೆ ಮಾಸ್ಕಿನ ಮೆತ್ತೆ ಬದಲಿಸಬೇಕು, ಫಿಲ್ಟರ್ ಬದಲಿಸಬೇಕು. ರಾತ್ರಿ ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ, ಹಳ್ಳಿಯಲ್ಲಿರುವವರು ಅದಕ್ಕೊಂದು ಯು.ಪಿ.ಎಸ್. ಕೂಡ ತರಬೇಕು. ಪಿಂಚಣಿ ಬರುವ ನಮಗೇ ಇದು ಭಾರವಾಯಿತು. ಹಮಾಲಿ ಮಾಡುವವರು, ಲಾರಿ ಓಡಿಸುವವರು ಎಲ್ಲಿಂದ ತಂದಾರು? ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಲ್ಲಿ ಈ ಯಂತ್ರದ ವೆಚ್ಚವನ್ನು ಮರುಪಾವತಿ ಮಾಡಲು ಅವಕಾಶವಿದೆ. ಅಂಥದೇ ಅವಕಾಶ ರಾಜ್ಯದ ಆರೋಗ್ಯ ಯೋಜನೆಗಳಡಿ ಬಿ.ಪಿ.ಎಲ್. ಕುಟುಂಬಗಳಿಗೂ ಸಿಗಬೇಕು. ರಾತ್ರಿಯಿಡೀ ಆಸ್ಪತ್ರೆಯಲ್ಲಿ ಮಲಗಿಸಿ ಮಾಡುವ ಪರೀಕ್ಷೆಯೇ ಎಲ್ಲರಿಗೂ ಬೇಕೆಂದಿಲ್ಲ. ಬೆರಳಿಗೆ, ಮೂಗಿಗೆ, ಎದೆಗೆ ಕಟ್ಟಿ ಮನೆಗೇ ಕಳಿಸುವ ಸಣ್ಣ ಉಪಕರಣದಿಂದಲೂ ಬಹಳಷ್ಟು ಜನರ ಕಾಯಿಲೆಯನ್ನು ಗುರುತಿಸಬಹುದು. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಅಂಥ ಕೆಲವು ಉಪಕರಣಗಳು ಮತ್ತು ವರದಿ ಓದಬಲ್ಲ ಒಬ್ಬ ವೈದ್ಯರು ಇದ್ದರೆ, ಹಾವೇರಿಯವರೋ ಯಾದಗಿರಿಯವರೋ ಇದಕ್ಕಾಗಿ ದೊಡ್ಡ ಊರುಗಳ ಬಸ್ಸು ಹತ್ತಬೇಕಾಗುವುದಿಲ್ಲ.

ಇದೆಲ್ಲವನ್ನೂ ಒಂದೇ ಸಲಕ್ಕೆ ರಾಜ್ಯದ ತುಂಬ ಮಾಡಿ ಎಂದು ನಾನು ಕೇಳುವುದಿಲ್ಲ. ಒಂದು ಜಿಲ್ಲೆಯ ಆಶಾ ಕಾರ್ಯಕರ್ತೆಯರ ನಮೂನೆಗೆ ಮತ್ತು ಅದೇ ಜಿಲ್ಲೆಯ ಒಂದು ಬಸ್ ಡಿಪೋದ ಚಾಲಕರ ತಪಾಸಣೆಗೆ ಈ ಪ್ರಶ್ನೆಗಳನ್ನು ಸೇರಿಸಿ, ಒಂದು ವರ್ಷದಲ್ಲಿ ಎಷ್ಟು ಜನ ಪತ್ತೆಯಾದರು, ಎಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿತು ಎಂಬುದನ್ನು ಸಾರ್ವಜನಿಕವಾಗಿ ಪ್ರಕಟಿಸಿ ಎಂಬುದೇ ನನ್ನ ಕೋರಿಕೆ. ಆ ಜಿಲ್ಲೆ ದಾವಣಗೆರೆಯಾಗುವುದಾದರೆ, ಆಶಾ ಕಾರ್ಯಕರ್ತೆಯರ ತರಬೇತಿಯ ದಿನ ಬಂದು, ಮನೆಯವರನ್ನು ಈ ವಿಚಾರ ಹೇಗೆ ಕೇಳಬೇಕು, ನಿಂತ ಉಸಿರನ್ನು ಹೇಗೆ ಗಮನಿಸಬೇಕು ಎಂಬುದನ್ನು ನಾನು ಕಂಡಂತೆ ವಿವರಿಸಲು ಸಿದ್ಧಳಿದ್ದೇನೆ. ತಮ್ಮ ಇಲಾಖೆಗಳ ಉತ್ತರವನ್ನು ಎದುರುನೋಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ,
ದಾವಣಗೆರೆ